ಬ್ಲಾಕ್ ಮಾಡಿ ಎನ್ನುವ ಮುನ್ನ

"ಅವನನ್ನು ಬ್ಲಾಕ್ ಮಾಡಿ." ವಿಕಿಪೀಡಿಯಾದ ನಿರ್ವಾಹಕರಿಗೆ, ಅಂದರೆ ಒಬ್ಬರು ತಿದ್ದದಂತೆ ತಡೆಯುವ ಅಧಿಕಾರವಿರುವ ನನ್ನಂಥವರಿಗೆ, ಬರುವ ದೂರುಗಳಲ್ಲಿ ಹೆಚ್ಚಿನವು ಇಷ್ಟೇ. ನಾನು ಮೊದಲು ತೆರೆಯುವುದು ಜಗಳ ನಡೆದ ಲೇಖನದ ಇತಿಹಾಸ ಪುಟ, ಅಂದರೆ ಯಾರು ಯಾವಾಗ ಏನು ಬದಲಿಸಿದರೆಂಬ ಪಟ್ಟಿ. ಸೇರಿದ, ತೆಗೆದ ಬೈಟ್‌ಗಳ ಲೆಕ್ಕ ಅಲ್ಲಿ ಕಾಣುವುದು ಸಾಮಾನ್ಯವಾಗಿ ಹೀಗೆ: +412, -412, ಮತ್ತೆ +412, ಮತ್ತೆ -412. ಒಬ್ಬರು ಸೇರಿಸುತ್ತಾರೆ, ಇನ್ನೊಬ್ಬರು ರದ್ದು ಮಾಡುತ್ತಾರೆ. ಯಾಕೆಂದು ಇಬ್ಬರೂ ಬರೆದಿಲ್ಲ. ಲೇಖನದ ಬಗ್ಗೆ ಮಾತಾಡಿಕೊಳ್ಳುವ ಚರ್ಚೆ ಪುಟ ಇನ್ನೂ ಹುಟ್ಟಿಯೇ ಇಲ್ಲ.

ದೂರು ಕೊಟ್ಟವರಿಗೆ ಇದನ್ನು ತೋರಿಸಿದರೆ, "ಆದರೆ ನಾನು ಬರೆದದ್ದೇ ಸರಿ ಅಲ್ವಾ?" ಅನ್ನುತ್ತಾರೆ. ಸರಿ ಇರಬಹುದು ಸ್ವಾಮಿ. ಪ್ರತಿ ಭಾಷೆಯ ವಿಕಿಗೂ ತನ್ನದೇ ಕಟ್ಟಳೆಗಳಿವೆ, ಆದರೂ ಇಂಗ್ಲಿಷ್ ವಿಕಿಪೀಡಿಯಾದ ನಿಯಮ ನೋಡಿ: ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇತರರ ಬದಲಾವಣೆ ರದ್ದು ಮಾಡಿದರೆ, ಸರಿ ಇದ್ದವರನ್ನೂ ತಡೆಯಬಹುದು. ಹಾಗಂತ ಮೂರು ಸಲಕ್ಕೆ ಪರವಾನಗಿ ಸಿಕ್ಕಿತೆಂದು ತಿಳಿಯಬೇಡಿ. ಬೈಗುಳ ತುಂಬಿದ್ದು, ಪುಟ ಅಳಿಸಿದ್ದು, ಬದುಕಿರುವವರ ಮೇಲೆ ಆಧಾರವಿಲ್ಲದ ಆರೋಪ ಹೊರಿಸಿದ್ದು, ಇವುಗಳಿಗೆ ಈ ಲೆಕ್ಕ ಇಲ್ಲ, ಕಂಡ ಕೂಡಲೇ ತೆಗೆಯಿರಿ. ಉಳಿದದ್ದು ಬಹುಮಟ್ಟಿಗೆ ಭಿನ್ನಾಭಿಪ್ರಾಯ. ಅದನ್ನು ದಯವಿಟ್ಟು ವಿಧ್ವಂಸ ಎನ್ನಬೇಡಿ. ತನ್ನೂರಿನ ಗುಡಿ ಚೋಳರ ಕಾಲದ್ದೆಂದು ನಂಬಿ ಬರೆದವನಿಗೆ ಆಧಾರ ಕೊಡಬೇಕೆಂದು ಗೊತ್ತಿಲ್ಲ, ಅಷ್ಟೆ.

ಕೋಲಾರದ ಕಡೆಯ ಅಂಥ ಹುಡುಗನೊಬ್ಬ ರಾತ್ರಿಯೆಲ್ಲ ಕೂತು ಅದೇ ಪ್ಯಾರಾ ಹಾಕುತ್ತಿದ್ದ. ಅವನ ಖಾತೆಯ ಚರ್ಚೆ ಪುಟದಲ್ಲಿ ಒಬ್ಬರು ಕೇಳಿದರು: "ಗುಡಿಯಲ್ಲಿ ಶಾಸನ ಇದೆಯೇನಪ್ಪ? ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಶಾಸನಗಳ ಸಂಪುಟಗಳಿವೆ, 10ನೆಯದು ನಿಮ್ಮ ಜಿಲ್ಲೆಯದೇ, ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಹಾಕಿದ್ದಾರೆ, ನೋಡು." ಎರಡು ದಿನ ಮುನಿಸಿಕೊಂಡಿದ್ದು ಆಮೇಲೆ ಹುಡುಕಿದ. ಶಾಸನ ಸಿಕ್ಕಿತು, ಕಾಲ ಮಾತ್ರ ವಿಜಯನಗರದ್ದು. ತಾನೇ ತಿದ್ದಿದ. ಸುತ್ತಲಿನ ಹಳ್ಳಿಗಳ ಪುಟಗಳನ್ನು ಈಗ ಅವನೇ ಕಾಯುತ್ತಾನೆ. ಇಂಥ ಮಕ್ಕಳನ್ನು ಕಳೆದುಕೊಳ್ಳಲು ನನಗಂತೂ ಮನಸ್ಸಿಲ್ಲ.

ಎಲ್ಲರೂ ಹೀಗೆ ದಾರಿಗೆ ಬರುತ್ತಾರೆಂದು ಹೇಳಲಾರೆ. ಬೇರೆ ಬೇರೆ ಹೆಸರಿನ ಖಾತೆ ತೆರೆದು ತನ್ನ ಮಾತಿಗೆ ತಾನೇ ಹೌದೆನ್ನುವವರಿಗೆ, ಬೆದರಿಕೆ ಹಾಕುವವರಿಗೆ ತಡೆ ಬೇಕೇ ಬೇಕು. ಅದೂ ಮುಂದಿನ ಹಾನಿ ನಿಲ್ಲಿಸಲು, ಶಿಕ್ಷೆಗೆಂದಲ್ಲ. ಮೊಬೈಲ್ ನೆಟ್‌ವರ್ಕಿನ ಐಪಿ ವಿಳಾಸ ತಡೆದರೆ ಅದನ್ನೇ ಹಂಚಿಕೊಂಡಿರುವ ಬೇರೆಯವರೂ ಹೊರಗುಳಿಯಬಹುದು. ಅಂಥ ಕಡೆ ಹೊಸಬರು ತಿದ್ದದಂತೆ ಆ ಪುಟಕ್ಕೇ ಕೆಲವು ದಿನ ಅರೆ ಸಂರಕ್ಷಣೆ ಹಾಕುವುದು ವಾಸಿ.

ದೂರಿನ ಜೊತೆ ಚರ್ಚೆ ಪುಟದ ಕೊಂಡಿಯನ್ನೂ ಹಾಕಿ. ನೀವೇನು ಕೇಳಿದಿರಿ, ಅವರೇನು ಹೇಳಿದರು ಎಂದು ಓದಿದ ಮೇಲೆಯೇ ನಾನು ತಡೆಯ ಮಾತಿಗೆ ಬರುವುದು.