ಕವಚದೊಳಗಿನ ರಬ್ಬರ್

ವೇಷಕ್ಕೆ ಕವಚ ಮಾಡಲು ಹೊರಟವರು ಮೊದಲು ಕೇಳುವುದು, 'ಇರೋದ್ರಲ್ಲಿ ತುಂಬಾ ಗಟ್ಟಿ ಶೀಟ್ ಯಾವುದು?' ಎಂದು. ಪ್ರಶ್ನೆಯೇ ತಪ್ಪು. ಅಕ್ರಿಲಿಕ್ ಗಟ್ಟಿಯೇ, ಹೊಳಪೂ ಇದೆ. ಆದರೆ ತೆಳುವಾಗಿ ಎಳೆದು ಮಾಡಿದ ಅಕ್ರಿಲಿಕ್ ಎದೆಕವಚ ತೊಟ್ಟು ಬಗ್ಗಿದರೆ ಕಂಕುಳ ಬಳಿ ಚಟಕ್ಕನೆ ಸೀಳಬಹುದು. ಇಲ್ಲಿ ಬೇಕಾದದ್ದು ಬಿರುಕನ್ನು ಓಡಲು ಬಿಡದ ಗುಣ, ಜೊತೆಗೆ ಕಾಯಿಸಿದಾಗ ಹದವಾಗಿ ಮೆತ್ತಗಾಗುವ ಗುಣ. ಎಬಿಎಸ್ ಎಂಬ ಪ್ಲಾಸ್ಟಿಕ್ ಶೀಟಿಗೆ ಈ ಎರಡೂ ಇವೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಮುಗಿಸಿಬಿಡೋಣ. ಕಾಯಿಸಿ ಮೆತ್ತಗಾದ ಶೀಟನ್ನು ಅಚ್ಚಿನ ಮೇಲಿಟ್ಟು, ಕೆಳಗಿನ ಗಾಳಿಯನ್ನು ಪಂಪಿನಿಂದ ತೆಗೆದು ಕವಚಕ್ಕೆ ರೂಪ ಕೊಡುವುದೇ ವ್ಯಾಕ್ಯೂಮ್ ಫಾರ್ಮಿಂಗ್. ಅದರಲ್ಲಿ ನಿರ್ವಾತವು ಶೀಟನ್ನು ಎಳೆಯುತ್ತದೆ ಎನ್ನುತ್ತಾರೆ. ನಿರ್ವಾತ ಏನನ್ನೂ ಎಳೆಯದು. ಕೆಳಗಿನ ಗಾಳಿ ಹೋದಾಗ ಮೇಲಿನ ಗಾಳಿ ಒತ್ತುತ್ತದೆ, ಅಷ್ಟೆ. 17ನೇ ಶತಮಾನದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಮೇಯರ್ ಆಟೊ ಫಾನ್ ಗೆರಿಕೆ ಎರಡು ತಾಮ್ರದ ಅರೆಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆಗಳನ್ನು ಕಟ್ಟಿ ಎಳೆಸಿದರೂ ಅರೆಗೋಳಗಳು ಬಿಡದಿದ್ದಾಗ ತೋರಿಸಿಕೊಟ್ಟದ್ದು ಇದನ್ನೇ. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ. 40 ಸೆಂ.ಮೀ. ಉದ್ದಗಲದ ಎದೆಕವಚದ ಅಚ್ಚಿನ ಮೇಲೆ ಒಟ್ಟು ಒಂದೂವರೆ ಟನ್ನಿಗೂ ಮಿಕ್ಕಿ! ಆದರೆ ಎಷ್ಟು ದೊಡ್ಡ ಪಂಪ್ ತಂದರೂ ವಾತಾವರಣದ ಒತ್ತಡಕ್ಕಿಂತ ಹೆಚ್ಚು ಸಿಗದು. ಆದ್ದರಿಂದ ಅಷ್ಟಕ್ಕೇ ಮಣಿಯುವಂತೆ ಶೀಟ್ ಮೆತ್ತಗಾಗಬೇಕು, ಹರಿದು ಸುರಿಯಲೂ ಬಾರದು.

ಪಾಲಿಥೀನ್ ತೊಡಕಾಗುವುದು ಇಲ್ಲೇ. ಅದು ಹರಳುಗಟ್ಟುವ ಪ್ಲಾಸ್ಟಿಕ್. ಕರಗುವ ಬಿಂದುವಿನ ತನಕ ಬಿಗುವಾಗಿದ್ದು, ದಾಟಿದೊಡನೆ ಜೋತುಬೀಳುತ್ತದೆ. ಆರುವಾಗ ಚೆನ್ನಾಗಿಯೇ ಕುಗ್ಗುತ್ತದೆ. ಬಣ್ಣವಾಗಲಿ ಅಂಟಾಗಲಿ ಅದಕ್ಕೆ ಹಿಡಿಯುವುದಿಲ್ಲ. ಎಬಿಎಸ್ ಹಾಗಲ್ಲ. 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸಡಿಲವಾಗತೊಡಗಿ, 150ರಿಂದ 180ರವರೆಗೂ ಕೆಲಸಕ್ಕೆ ಒದಗುತ್ತದೆ. ಚೌಕಟ್ಟಿಗೆ ಬಿಗಿದು ಕಾಯಿಸುವಾಗ ನೋಡಿ: ಶೀಟ್ ಮೊದಲು ಅಲೆಅಲೆಯಾಗಿ ಉಬ್ಬುತ್ತದೆ, ಬಳಿಕ ತಾನೇ ಬಿಗಿದು ಸಪಾಟಾಗುತ್ತದೆ, ಆಮೇಲೆ ನಡುವೆ ಜೋಲುತ್ತದೆ. ಅವಸರ ಬೇಡ, ಮೂರನೆಯದಕ್ಕೆ ಕಾಯಬೇಕು.

ಈಗ ನನಗೆ ಪ್ರಿಯವಾದ ಭಾಗ. ಎಬಿಎಸ್‌ನ ಬಂಧುವಾದ, ರಬ್ಬರ್ ಬೆರೆಸದ ಬರೀ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಎಂದರೆ ಸಿಕ್ಕುಬಿದ್ದ ನೂಲಿನ ಉಂಡೆಯಂತೆ ಹೆಣೆದುಕೊಂಡ ಉದ್ದನೆಯ ಅಣುಸರಪಳಿಗಳು. ಒಂದು ಬಿರುಕು ಹುಟ್ಟಿದರೆ ಅದನ್ನು ತಡೆಯುವವರಿಲ್ಲ, ಆಚೆ ಅಂಚಿನವರೆಗೂ ಓಡುತ್ತದೆ. ಎಬಿಎಸ್‌ನಲ್ಲೂ ಹಿಪ್ಸ್ (ರಬ್ಬರ್ ಬೆರೆತ ಪಾಲಿಸ್ಟೈರೀನ್) ಎಂಬ ಅಗ್ಗದ ಶೀಟಿನಲ್ಲೂ ಪಾಲಿಬ್ಯುಟಡೈಯೀನ್ ರಬ್ಬರಿನ ಅತಿಸಣ್ಣ ಕಣಗಳು ಹರಡಿಕೊಂಡಿರುತ್ತವೆ. ಗಾತ್ರ ಮೈಕ್ರೋಮೀಟರಿನ ಲೆಕ್ಕದ್ದು. ಶೀಟ್ ಬಗ್ಗಿದಾಗ ಒತ್ತಡ ಈ ಕಣಗಳ ಸುತ್ತ ಸೇರಿ, ಒಂದು ದೊಡ್ಡ ಬಿರುಕಿನ ಬದಲು ಅಸಂಖ್ಯ ನವುರು ಸೀಳುಗಳು ಹುಟ್ಟುತ್ತವೆ. ಅವೂ ಪೂರ್ತಿ ಬಾಯಿಬಿಡುವುದಿಲ್ಲ, ಎಳೆಗಳು ಅಡ್ಡಲಾಗಿ ಹಿಡಿದುಕೊಂಡಿರುತ್ತವೆ. ಪೆಟ್ಟಿನ ಶಕ್ತಿಯೆಲ್ಲ ಈ ಸೀಳುಗಳಲ್ಲಿ ಹಂಚಿಹೋಗುತ್ತದೆ. ಕಪ್ಪು ಎಬಿಎಸ್ ತುಣುಕನ್ನು ಮಡಚಿದರೆ ಮಡಿಕೆಯಲ್ಲಿ ಬಿಳಿ ಗೆರೆ ಮೂಡುತ್ತದಲ್ಲ, ಬೆಳಕು ಚದುರಿ ಕಣ್ಣಿಗೆ ಬಿದ್ದ ಇದೇ ಸೀಳುಗಳು ಅವು. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿಯಿರಿ: ಸರಪಳಿಗಳು ಮರಳಿ ಸರಿದಾಡಿ, ಗೆರೆ ಮಾಯವಾಗುತ್ತದೆ. ಆಟಿಕೆ ಇಟ್ಟಿಗೆಗಳ ಲೆಗೊ ಕಂಪನಿ 1963ರಲ್ಲಿ ಸೆಲ್ಯುಲೋಸ್ ಅಸಿಟೇಟ್ ಬಿಟ್ಟು ಎಬಿಎಸ್‌ಗೆ ಬಂದು ಇಂದಿಗೂ ಅದನ್ನೇ ನೆಚ್ಚಿಕೊಂಡಿದೆ.

ಹಿಪ್ಸ್ ಸಾಲದೇ? ಮೊದಲ ಅಚ್ಚುಗಳಿಗೆ, ಒಮ್ಮೆ ತೊಟ್ಟು ಬಿಡುವ ವೇಷಕ್ಕೆ ಧಾರಾಳವಾಗಿ ಸಾಕು. ಪಾರದರ್ಶಕ ಮುಖಗವಸಿಗೆ ಪಿಇಟಿಜಿ ಎಂಬ ಪ್ಲಾಸ್ಟಿಕ್ ಒಳ್ಳೆಯದು. 80 ಡಿಗ್ರಿಯ ಹತ್ತಿರವೇ ಮೆತ್ತಗಾಗತೊಡಗುವುದರಿಂದ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಡಬೇಡಿ. ಪಾಲಿಕಾರ್ಬೊನೇಟ್ ನಿಜಕ್ಕೂ ಜಗಜಟ್ಟಿ, ಆದರೆ ಗಾಳಿಯ ತೇವ ಹೀರಿಕೊಂಡಿರುತ್ತದೆ. ಗಂಟೆಗಟ್ಟಲೆ ಒಣಗಿಸದೆ ಕಾಯಿಸಿದರೆ ಮೈತುಂಬ ಗುಳ್ಳೆ. ಪಿವಿಸಿ ಸೀದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಮನೆಯೊಳಗಿನ ಹೀಟರಿಗೆ ಅದು ಬೇಡವೇ ಬೇಡ.

ದಪ್ಪದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಶೀಟಿನ ವಿಸ್ತೀರ್ಣ ಎರಡರಷ್ಟಾದರೆ 2 ಮಿ.ಮೀ. ದಪ್ಪ ಸರಾಸರಿ 1 ಮಿ.ಮೀ.ಗೆ ಇಳಿಯುತ್ತದೆ. ಅದೂ ಎಲ್ಲೆಡೆ ಒಂದೇ ಸಮ ಅಲ್ಲ. ಉಬ್ಬಚ್ಚಿನ ನೆತ್ತಿಗೆ ಮೊದಲು ತಾಗಿದ ಭಾಗ ಅಲ್ಲೇ ತಣಿದು ದಪ್ಪವಾಗಿ ಉಳಿದರೆ, ಕೊನೆಗೆ ಮೂಲೆ ಸೇರುವ ಭಾಗ ಕಾಗದದಂತಾಗುತ್ತದೆ. ಭುಜ, ತೊಡೆಯ ಕವಚಕ್ಕೆ 2 ಮಿ.ಮೀ. ಸಾಕಾದರೂ ಆಳವಾದ ಶಿರಸ್ತ್ರಾಣಕ್ಕೆ 3 ಮಿ.ಮೀ. ಇರಲಿ. ಕತ್ತರಿಸಿ ಉಳಿದ ಎಬಿಎಸ್ ಚೂರುಗಳನ್ನು ಎಸೆಯಬೇಡಿ: ಅಸಿಟೋನಿನಲ್ಲಿ ನೆನೆಹಾಕಿದರೆ ಕರಗಿ ಗೊಜ್ಜಾಗುತ್ತವೆ, ತೆಳುವಾದ ಮೂಲೆಗಳಿಗೆ ಒಳಗಿನಿಂದ ಬಳಿಯಲು ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ.