ಸಂಬಳವಿಲ್ಲ, ಠಾಣೆಯಿಲ್ಲ: ಇಂಗ್ಲೆಂಡಿನ ಹೈ ಶೆರಿಫ್ ಯಾರು?

ಪ್ರಶ್ನೆ: ಇಂಗ್ಲೆಂಡಿನ ಪ್ರತಿ ಕೌಂಟಿಗೂ ಒಬ್ಬ ಹೈ ಶೆರಿಫ್ ಇರುತ್ತಾರಂತೆ. ಅವರು ಆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೇ? ಅಲ್ಲವಾದರೆ ಆ ಹುದ್ದೆ ಇನ್ನೂ ಯಾಕಿದೆ?

ಪೊಲೀಸರಲ್ಲ. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕುದುರೆ ಏರಿ ಬರುವ ಶೆರಿಫ್ ಅಮೆರಿಕದವನು. ಇಂಗ್ಲೆಂಡಿನವರ ಸೊಂಟದಲ್ಲಿರುವುದು ಕತ್ತಿ, ಅದೂ ಶೋಭೆಗೆ. ಮಖಮಲ್ ಕೋಟು, ಕುತ್ತಿಗೆಗೆ ಲೇಸು, ಮಂಡಿಯವರೆಗಿನ ಚಲ್ಲಣ, ಬಕಲ್ ಹಾಕಿದ ಷೂ. ಹುದ್ದೆ ಒಂದೇ ವರ್ಷದ್ದು. ಸಂಬಳವಿಲ್ಲ, ಓಡಾಟದ ಖರ್ಚೂ ಸ್ವಂತದ್ದೇ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥವರು 55 ಮಂದಿ ಇದ್ದಾರೆ.

ಒಂದು ಕಾಲದಲ್ಲಿ ಮಾತ್ರ ಇವರ ಹೆಸರು ಕೇಳಿದರೆ ಊರು ನಡುಗುತ್ತಿತ್ತು. ‘ಶೈರ್’ ಅಂದರೆ ಸೀಮೆ, ‘ರೀವ್’ ಅಂದರೆ ಪಾರುಪತ್ಯಗಾರ. ಎರಡೂ ಕೂಡಿ ಬಾಯಲ್ಲಿ ಸವೆದು ಶೆರಿಫ್ ಆಯಿತು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಆಳುಗಳನ್ನು ಬದಲಾಯಿಸಿದರೇ ಹೊರತು ಹುದ್ದೆಯನ್ನು ಮುಟ್ಟಲಿಲ್ಲ. ಕಂದಾಯ, ಕೋರ್ಟು, ಜೈಲು, ಕೋಟೆ, ದಂಡಿಗೆ ಜನ ಸೇರಿಸುವ ಕೆಲಸ ಎಲ್ಲವೂ ಒಬ್ಬನ ಕೈಯಲ್ಲೇ ಸಿಗುವಾಗ ಗೆದ್ದ ರಾಜನಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ?

ಕಂದಾಯದ್ದು ಗುತ್ತಿಗೆಯ ಲೆಕ್ಕ. ಕೌಂಟಿಯಿಂದ ರಾಜನಿಗೆ ಇಷ್ಟು ಎಂದು ಗೊತ್ತು ಮಾಡಿದ ಮೊತ್ತವನ್ನು ಶೆರಿಫ್ ಕಟ್ಟಬೇಕು. ಅದಕ್ಕಿಂತ ಹೆಚ್ಚು ಕಿತ್ತರೆ ಮಿಕ್ಕಿದ್ದು ಅವನ ಜೇಬಿಗೆ. ರೈತನ ಪಾಡು ಏನಾಗಿರಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಶೆರಿಫನೂ ವರ್ಷಕ್ಕೆರಡು ಸಲ, ಈಸ್ಟರ್‌ಗೆ ಮತ್ತು ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್‌ಗೆ, ರಾಜನ ಲೆಕ್ಕಿಗರ ಮುಂದೆ ಕೈಕಟ್ಟಿ ಕೂರಬೇಕಿತ್ತು. ಆ ಕೋಣೆಯ ವರ್ಣನೆ 12ನೇ ಶತಮಾನದ ಬರಹದಲ್ಲೇ ಉಳಿದಿದೆ. ಹತ್ತಡಿ ಉದ್ದ, ಐದಡಿ ಅಗಲದ ಮೇಜು, ಅದರ ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಬರಬೇಕಾದ ಹಣಕ್ಕೆ ಒಂದು ಸಾಲಿನಲ್ಲಿ ಬಿಲ್ಲೆಗಳನ್ನಿಟ್ಟು, ಕಟ್ಟಿದ್ದನ್ನು ಕೆಳಗಿನ ಸಾಲಿನಲ್ಲಿಟ್ಟು ಕಳೆಯುತ್ತಿದ್ದರು. ಅಕ್ಷರ ಬಾರದ ಶೆರಿಫನಿಗೂ ಬಾಕಿ ಎಷ್ಟೆಂದು ಕಣ್ಣಿಗೇ ಕಾಣುತ್ತಿತ್ತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎನ್ನುವುದು ಈ ಚೌಕಳಿ (‘ಚೆಕರ್’) ಬಟ್ಟೆಯಿಂದಲೇ.

ರಸೀದಿಗೆ ಕಚ್ಚು ಕೊರೆದ ಕೋಲು. ಸಾವಿರ ಪೌಂಡಿಗೆ ಅಂಗೈಯಷ್ಟು ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಉಬ್ಬಿದ ಬಾರ್ಲಿ ಕಾಳಿನಷ್ಟು. ಕೋಲನ್ನು ಉದ್ದಕ್ಕೆ ಸೀಳಿ ಒಂದು ಹೋಳು ಶೆರಿಫನಿಗೆ, ಇನ್ನೊಂದು ಖಜಾನೆಗೆ. ಎರಡನ್ನೂ ಜೋಡಿಸಿದಾಗ ಕಚ್ಚುಗಳು ಕೂಡದಿದ್ದರೆ ಯಾರೋ ಕೈಚಳಕ ತೋರಿಸಿದ್ದಾರೆ ಎಂದರ್ಥ. (ಬೇಡವಾದ ಹಳೆಯ ಕೋಲುಗಳನ್ನು 1834ರಲ್ಲಿ ಒಲೆಗೆ ತುಂಬಿ ಸುಡಲು ಹೋಗಿ ಪಾರ್ಲಿಮೆಂಟ್ ಕಟ್ಟಡವನ್ನೇ ಸುಟ್ಟುಕೊಂಡರು. ಅದು ಬೇರೆಯೇ ಕಥೆ.)

ಇಷ್ಟೆಲ್ಲ ಬಿಗಿ ಇದ್ದರೂ ದೂರುಗಳು ನಿಲ್ಲಲಿಲ್ಲ. 1170ರಲ್ಲಿ ಎರಡನೇ ಹೆನ್ರಿ ಫ್ರಾನ್ಸಿನಿಂದ ಮರಳಿದವನೇ ತನಿಖೆಗೆ ಆಜ್ಞೆ ಮಾಡಿ ಬಹುಪಾಲು ಶೆರಿಫರನ್ನು ಮನೆಗೆ ಕಳಿಸಿದ. 1194ರಲ್ಲಿ ರಾಜನ ಮೊಕದ್ದಮೆಗಳ ದಾಖಲೆ ಇಡಲು ಕರೋನರ್ ಎಂಬ ಹೊಸ ಅಧಿಕಾರಿಯನ್ನು ಪಕ್ಕದಲ್ಲಿ ನಿಲ್ಲಿಸಿದರು. ರಾಜನ ಅಧಿಕಾರಕ್ಕೆ ಕಡಿವಾಣ ಹಾಕಿದ 1215ರ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ, ಅಪರಾಧದ ದೊಡ್ಡ ಮೊಕದ್ದಮೆಗಳನ್ನು ಶೆರಿಫ್ ವಿಚಾರಿಸಕೂಡದು ಎಂದಿತು. ಅದೇ ಪತ್ರದಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಶೆರಿಫ್ ಫಿಲಿಪ್ ಮಾರ್ಕ್‌ನನ್ನು ಹೆಸರು ಹಿಡಿದೇ ತೆಗೆದುಹಾಕಿ ಎಂದು ಬರೆದಿದೆ. ರಾಬಿನ್ ಹುಡ್ ಕಥೆಯ ಖಳ ಇವನೇ ಇರಬೇಕೆಂದು ಕೆಲವರ ಊಹೆ.

ಎಲ್ಲರೂ ಅಂಥವರಲ್ಲ. 1216ರಲ್ಲಿ ಲಿಂಕನ್‌ಶೈರ್‌ಗೆ ಶೆರಿಫ್ ಆದದ್ದು ನಿಕೋಲಾ ದ ಲಾ ಹೇ ಎಂಬ ಹೆಂಗಸು. ಮರುವರ್ಷ ವಯಸ್ಸಾದ ಆಕೆ ಲಿಂಕನ್ ಕೋಟೆಯನ್ನು ಮುತ್ತಿಗೆಯಿಂದ ಉಳಿಸಿಕೊಂಡರು.

ಮುಂದಿನದು ಒಂದೊಂದೇ ಗರಿ ಕಿತ್ತ ಕಥೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೂರಬಾರದೆಂದು 1340ರ ಕಾನೂನು. ಆಮೇಲೆ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ಮ್ಯಾಜಿಸ್ಟ್ರೇಟರು ಬಂದರು, ಟ್ಯೂಡರ್ ಕಾಲದಲ್ಲಿ ದಂಡಿನ ಹೊಣೆ ಲಾರ್ಡ್ ಲೆಫ್ಟಿನೆಂಟ್ ಎಂಬ ರಾಜಪ್ರತಿನಿಧಿಗೆ ಹೋಯಿತು, 19ನೇ ಶತಮಾನದಲ್ಲಿ ಪೊಲೀಸ್ ಪಡೆಗಳು ಹುಟ್ಟಿದವು. ಉಳಿದದ್ದು ಖರ್ಚು ಮತ್ತು ಕಟ್ಟುಪಾಡು. ಎಷ್ಟರ ಮಟ್ಟಿಗೆ ಎಂದರೆ ಇದನ್ನು ಶಿಕ್ಷೆಯಾಗಿಯೂ ಬಳಸಬಹುದಿತ್ತು. 1625ರಲ್ಲಿ ಪಾರ್ಲಿಮೆಂಟಿನಲ್ಲಿ ತಲೆನೋವಾಗಿದ್ದ ನ್ಯಾಯವೇತ್ತ ಎಡ್ವರ್ಡ್ ಕೋಕ್‌ರನ್ನು ಒಂದನೇ ಚಾರ್ಲ್ಸ್ ಬಕಿಂಗ್‌ಹ್ಯಾಮ್‌ಶೈರ್‌ನ ಶೆರಿಫ್ ಮಾಡಿಬಿಟ್ಟ. ಕೌಂಟಿಯ ಚುನಾವಣೆ ನಡೆಸುವವನು ಶೆರಿಫ್, ನಡೆಸುವವನು ಪಾರ್ಲಿಮೆಂಟಿನಲ್ಲಿ ಕೂರುವ ಹಾಗಿಲ್ಲ. ಸನ್ಮಾನ ಮಾಡಿ ಬಾಯಿ ಮುಚ್ಚಿಸುವ ಈ ವಿದ್ಯೆ ನಮಗೇನೂ ಹೊಸದಲ್ಲ.

ಹಾಗಾದರೆ ಒಳಗೆ ಏನೂ ಉಳಿದಿರಲಿಲ್ಲವೇ? ನನಗೆ ಈ ಹುದ್ದೆಯ ಬಗ್ಗೆ ಆಸಕ್ತಿ ಹುಟ್ಟಿದ್ದೇ ಇಲ್ಲಿ. 1773ರಲ್ಲಿ ಬೆಡ್‌ಫರ್ಡ್‌ಶೈರ್‌ಗೆ ಹೈ ಶೆರಿಫ್ ಆದವರು ಜಾನ್ ಹೋವರ್ಡ್, ಕಾರ್ಡಿಂಗ್ಟನ್ ಎಂಬ ಹಳ್ಳಿಯ ಜಮೀನ್ದಾರ. ಕೌಂಟಿಯ ಜೈಲು ಕಾಗದದ ಮೇಲೆ ಶೆರಿಫನದು. ಆದರೆ ಒಳಗೆ ಹೋಗಿ ನೋಡುವ ಪದ್ಧತಿ ಇರಲಿಲ್ಲ, ಕೈಕೆಳಗಿನವರು ನೋಡಿಕೊಳ್ಳುತ್ತಿದ್ದರು. ಹೋವರ್ಡ್ ಒಳಗೇ ಹೋದರು.

ಅಲ್ಲಿ ಕಂಡದ್ದು ಇದು. ಕೋರ್ಟು ನಿರಪರಾಧಿ ಎಂದು ಬಿಟ್ಟವರೂ ಜೈಲಿನಲ್ಲೇ ಇದ್ದರು. ಜೈಲರನಿಗೆ ಸಂಬಳವಿಲ್ಲ, ಕೈದಿಗಳು ಕೊಡುವ ಶುಲ್ಕವೇ ಅವನ ಅನ್ನ. ಹೊರಗೆ ಬರಬೇಕಾದರೆ ಜೈಲರನಿಗೆ 15 ಶಿಲಿಂಗ್ 4 ಪೆನ್ಸ್, ಬೀಗ ತೆಗೆಯುವವನಿಗೆ 2 ಶಿಲಿಂಗ್. ಅದನ್ನು ಕೊಡಲಾರದವನು ಮತ್ತೆ ಒಳಗೆ.

ಜೈಲರನಿಗೆ ಸಂಬಳ ಕೊಡಿ ಎಂದು ಹೋವರ್ಡ್ ಕೌಂಟಿಯ ಮ್ಯಾಜಿಸ್ಟ್ರೇಟರನ್ನು ಕೇಳಿದರು. ಬಂದ ಉತ್ತರ ಯಾವ ಕಚೇರಿಯದಾದರೂ ಆಗಬಹುದು: ಬೇರೆ ಕಡೆ ಹೀಗೆ ಕೊಟ್ಟ ನಿದರ್ಶನವಿದ್ದರೆ ತನ್ನಿ. ಹೋವರ್ಡ್ ಕುದುರೆ ಏರಿ ನಿದರ್ಶನ ಹುಡುಕಲು ಪಕ್ಕದ ಕೌಂಟಿಗಳಿಗೆ ಹೊರಟರು. ನಿದರ್ಶನ ಸಿಗಲಿಲ್ಲ, ಹೋದಲ್ಲೆಲ್ಲ ಅದೇ ಅನ್ಯಾಯ ಸಿಕ್ಕಿತು. ಜೊತೆಗೆ ಗಾಳಿ ಬೆಳಕಿಲ್ಲದ ಕತ್ತಲೆ ಕೋಣೆಗಳು, ಜೈಲುಜ್ವರ. 1774ರಲ್ಲಿ ಪಾರ್ಲಿಮೆಂಟಿನ ಮುಂದೆ ಸಾಕ್ಷಿ ಹೇಳಿದರು. ಅದೇ ವರ್ಷ ಎರಡು ಕಾನೂನುಗಳಾದವು: ಬಿಡುಗಡೆಯ ಶುಲ್ಕ ರದ್ದು ಮಾಡಲು ಒಂದು, ಕೈದಿಗಳ ಆರೋಗ್ಯಕ್ಕೆ ಇನ್ನೊಂದು. ಶೆರಿಫ್‌ಗಿರಿ ಮುಗಿದ ಮೇಲೂ ಅವರ ತಿರುಗಾಟ ನಿಲ್ಲಲಿಲ್ಲ. ಯುರೋಪಿನ ಜೈಲು, ಆಸ್ಪತ್ರೆಗಳನ್ನು ನೋಡುತ್ತಲೇ 1790ರಲ್ಲಿ, ಈಗ ಉಕ್ರೇನಿನಲ್ಲಿರುವ ಖೆರ್ಸಾನ್‌ನಲ್ಲಿ ಜ್ವರದಿಂದ ತೀರಿಕೊಂಡರು. ಇನ್ನೊಂದು ವಿಷಯ: ಹೋವರ್ಡ್ ಆಂಗ್ಲಿಕನ್ ಚರ್ಚಿಗೆ ಸೇರಿದವರಲ್ಲ. ಅಂದಿನ ಕಾನೂನಿನಂತೆ ಅವರು ಆ ಕುರ್ಚಿಯಲ್ಲಿ ಕೂತದ್ದೇ ದಂಡಕ್ಕೆ ದಾರಿ.

ಇವತ್ತಿನ ಹೈ ಶೆರಿಫ್ ಕೌಂಟಿಗೆ ಬರುವ ಹೈಕೋರ್ಟ್ ನ್ಯಾಯಾಧೀಶರನ್ನು ಬರಮಾಡಿಕೊಳ್ಳುತ್ತಾರೆ, ಪೊಲೀಸ್, ಜೈಲು, ಸ್ವಯಂಸೇವಾ ಸಂಸ್ಥೆಗಳ ಬೆನ್ನು ತಟ್ಟುತ್ತಾರೆ. ಗ್ರಾಮಾಂತರ ಕ್ಷೇತ್ರಗಳಲ್ಲಿ ಪಾರ್ಲಿಮೆಂಟ್ ಚುನಾವಣೆಯ ಅಧಿಕಾರಿ ಹೆಸರಿಗೆ ಇವರೇ, ಕೆಲಸ ಮಾಡುವವರು ಬೇರೆ. ಗಲ್ಲು ಶಿಕ್ಷೆ ಜಾರಿ ಮಾಡಿಸುವ ಹೊಣೆಯೂ ಶೆರಿಫನದಾಗಿತ್ತು; 1964ರ ನಂತರ ಬ್ರಿಟನ್ನಿನಲ್ಲಿ ಯಾರನ್ನೂ ಗಲ್ಲಿಗೇರಿಸಿಲ್ಲ. ಅಂದಹಾಗೆ ‘ಹೈ’ ಎಂಬ ಬಾಲ ಕಾನೂನಿನಲ್ಲಿ ಅಂಟಿಕೊಂಡದ್ದು 1974ರಲ್ಲಿ, ಅಧಿಕಾರವೆಲ್ಲ ಕರಗಿದ ಮೇಲೆ.

ನೇಮಕದ ರೀತಿ ಮಾತ್ರ ಹಳೆಯದೇ. ಹೆಚ್ಚಿನ ಕೌಂಟಿಗಳಿಗೆ ತಲಾ ಮೂರು ಹೆಸರು ನವೆಂಬರ್ 12ರಂದು ಲಂಡನ್ನಿನ ಕೋರ್ಟಿನಲ್ಲಿ ಓದಲಾಗುತ್ತದೆ. ವಸಂತ ಬರುವ ಹೊತ್ತಿಗೆ ತೊಗಲಿನ ಸುರುಳಿಯ ಮೇಲೆ ಆರಿಸಿದ ಹೆಸರಿನ ಪಕ್ಕ ರಾಜರು ದಬ್ಬಳದಿಂದ ತೂತು ಮಾಡುತ್ತಾರೆ. ಮೊದಲನೇ ಎಲಿಜಬೆತ್ ತೋಟದಲ್ಲಿ ಕಸೂತಿ ಹಾಕುತ್ತಿದ್ದಾಗ ಲೇಖನಿ ಸಿಗದೆ ಸೂಜಿಯಲ್ಲೇ ಚುಚ್ಚಿದಳೆಂದು ಕಥೆ ಹೇಳುತ್ತಾರೆ. ಸೊಗಸಾಗಿದೆ, ಆದರೆ ಅವಳ ಅಜ್ಜ ಏಳನೇ ಹೆನ್ರಿಯ ಕಾಲದ ಸುರುಳಿಯಲ್ಲೇ ತೂತುಗಳಿವೆ. ಶಾಯಿಯನ್ನು ಕೆರೆದು ತಿದ್ದಬಹುದು, ತೂತನ್ನು ಹೇಗೆ ತಿದ್ದುವುದು?

ನಮ್ಮ ಕಡೆ ಶೆರಿಫ್ ಎಂಬ ಮಾತು ಕಿವಿಗೆ ಬಿದ್ದಿದ್ದರೆ ಅದು ಮುಂಬೈಯಿಂದ ಇರಬೇಕು. ಸುನಿಲ್ ಗವಾಸ್ಕರ್ ಅಲ್ಲಿ ಶೆರಿಫ್ ಆಗಿದ್ದರು. ಬ್ರಿಟಿಷರು ಬಿಟ್ಟುಹೋದ ಅದೇ ಗೌರವ ಹುದ್ದೆ. ಇಂಗ್ಲೆಂಡಿನಲ್ಲಿ ಕೋರ್ಟಿನ ಆದೇಶ ಜಾರಿ ಮಾಡುವ ಕೆಲಸ 2004ರಲ್ಲಿ ಹೈ ಶೆರಿಫರ ಕೈಬಿಟ್ಟಿತು. ಮುಂಬೈ ಬಂದರಿನಲ್ಲಿ ಸಾಲ ತೀರಿಸದ ಹಡಗನ್ನು ಹಿಡಿದು ನಿಲ್ಲಿಸಲು ಹೈಕೋರ್ಟು ಹೇಳಿದರೆ ವಾರಂಟ್ ಹಿಡಿದು ಹೋಗುವವರು ಇಂದಿಗೂ ಶೆರಿಫ್ ಕಚೇರಿಯವರು.