ಡ್ರೈ ಐಸ್ ಹೊಗೆಯಲ್ಲಿ ಮಕ್ಕಳನ್ನು ಮಲಗಿಸಬಹುದಾ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಶಾಲೆಯೊಂದರಲ್ಲಿ ಟೀಚರ್. ಈ ಸಲದ ಗ್ಯಾದರಿಂಗ್‌ನಲ್ಲಿ ಎರಡನೇ ಕ್ಲಾಸಿನ ಮಕ್ಕಳದ್ದು ಒಂದು ಡ್ಯಾನ್ಸ್ ಇದೆ. ಮೋಡದೊಳಗೆ ಮಲಗಿರುವ ನಕ್ಷತ್ರಗಳು ಒಂದೊಂದಾಗಿ ಎದ್ದು ನಿಲ್ಲಬೇಕು. ಮದುವೆ ಸ್ಟೇಜಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಬಿಳಿ ಹೊಗೆ ಬಿಡುತ್ತಾರಲ್ಲ, ಅದು ಬೇಕು. ಡೆಕೋರೇಶನ್‌ನವರು ‘ಐದು ಕೆಜಿ ಡ್ರೈ ಐಸ್ ತರ್ತೀವಿ, ಏನೂ ಆಗಲ್ಲ’ ಅಂತಾರೆ. ಹೆಡ್‌ಮಾಸ್ಟರು ಬೇಡವೇ ಬೇಡ ಅಂತಿದ್ದಾರೆ. ಯಾರ ಮಾತು ಕೇಳಲಿ? ಉಳಿದ ಡ್ರೈ ಐಸ್ ಏನು ಮಾಡಬೇಕು ಅನ್ನೋದನ್ನೂ ಹೇಳಿ.

ಉತ್ತರ: ಮಕ್ಕಳನ್ನು ಮಲಗಿಸುವುದಾದರೆ ಹೆಡ್‌ಮಾಸ್ಟರ ಮಾತು ಕೇಳಿ ಟೀಚರ್. ನಿಲ್ಲಿಸುವುದಾದರೆ ಮುಂದೆ ಓದಿ.

ಮೊದಲು ಈ ಹೊಗೆ ಹೊಗೆಯೇ ಅಲ್ಲ. ಡ್ರೈ ಐಸ್ ಅಂದರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್. ಸೋಡಾದಲ್ಲಿ ಗುಳ್ಳೆ ಏಳಿಸುವುದೂ ಇದೇ ಗ್ಯಾಸು. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ತಂಪು. ಕರ್ಪೂರದ ಹಾಗೆ ಇದೂ ನೀರಾಗುವುದಿಲ್ಲ, ನೇರವಾಗಿ ಗಾಳಿಯಾಗಿ ಹೋಗುತ್ತದೆ. ಬಿಸಿನೀರಿಗೆ ಹಾಕಿದಾಗ ನೀರಿನ ಆವಿಗೆ ಆ ತಂಪು ತಗುಲಿ ಮಂಜಾಗುತ್ತದೆ. ಚಳಿಗಾಲದ ಬೆಳಗ್ಗೆ ನಮ್ಮ ಬಾಯಿಂದ ಬರುತ್ತದಲ್ಲ, ಅಂಥದ್ದೇ. ಕಣ್ಣಿಗೆ ಕಾಣುವ ಬಿಳುಪೆಲ್ಲ ನೀರಿನ ಸಣ್ಣ ಹನಿ. ಅದರಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಇರುವುದು ಅದರ ಜೊತೆಗೆ ಬರುವ, ಕಾಣದ ಗ್ಯಾಸಿನಲ್ಲಿ. ಬಿಳುಪು ಒಂದೆರಡು ನಿಮಿಷದಲ್ಲಿ ಆರಿ ಹೋಗುತ್ತದೆ. ಗ್ಯಾಸು ಅಲ್ಲೇ ಇರುತ್ತದೆ. ‘ಹೊಗೆ ಹೋಯ್ತು, ಇನ್ನೊಂದಿಷ್ಟು ಹಾಕು’ ಅಂತ ಸ್ಟೇಜ್ ಹಿಂದೆ ಕೂಗುವವರಿಗೆ ಇದು ಗೊತ್ತಿರುವುದಿಲ್ಲ. ಸುಮಾರು ವರ್ಷ ನಾನೂ ಹಾಗೇ ಕೂಗಿದವನು.

ನಮ್ಮ ಕಡೆಯವರಿಗೆ ಈ ಗ್ಯಾಸು ಹೊಸದೇನಲ್ಲ. ಹಗೇವು ನೋಡಿದವರನ್ನು ಕೇಳಿ. ಜೋಳ ತುಂಬಿ ಬಾಯಿ ಮುಚ್ಚಿದ ನೆಲದೊಳಗಿನ ಕಣಜ. ಕಾಳು ಒಳಗೇ ಉಸಿರಾಡುತ್ತ ಆಮ್ಲಜನಕ ತಿಂದು ಇದೇ ಗ್ಯಾಸು ಬಿಡುತ್ತದೆ. ನಮ್ಮ ಅಜ್ಜ ಹೇಳುತ್ತಿದ್ದರು: ‘ತಮ್ಮಾ, ಬಾಯಿ ತೆಗೆದ ಕೂಡ್ಲೇ ಒಳಗ ಇಳೀಬಾರ್ದು. ಮೊದ್ಲು ಅದು ಉಸುರು ಬಿಡ್ಲಿ.’ ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸೋರು. ಕಂದೀಲು ಆರಿದರೆ ಆ ದಿನ ಯಾರೂ ಇಳಿಯುವ ಹಾಗಿಲ್ಲ. ಈ ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ನಿಮ್ಮ ಡ್ಯಾನ್ಸಿನಲ್ಲಿ ಆ ತಗ್ಗಿನಲ್ಲಿರುವುದು ಏಳು ವರ್ಷದ ಮಕ್ಕಳ ಮೂಗು.

ಲೆಕ್ಕ ನೋಡಿ. ಒಂದು ಕೆಜಿ ಡ್ರೈ ಐಸ್ ಸುಮಾರು 540 ಲೀಟರ್ ಗ್ಯಾಸಾಗುತ್ತದೆ. ಐದು ಕೆಜಿಗೆ 2,700 ಲೀಟರ್. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಮುಚ್ಚಿದ ಕೋಣೆ ಅಂದುಕೊಳ್ಳಿ. ಇಡೀ ಕೋಣೆಗೆ ಸಮನಾಗಿ ಬೆರೆತರೆ ಶೇ. 2.4. ಆದರೆ ಅದು ಬೆರೆಯದೆ ನೆಲದ ಮೇಲಿನ ಎರಡಡಿಯಲ್ಲೇ ನಿಂತರೆ? ಅಲ್ಲಿ ಶೇ. 12ರ ಹತ್ತಿರ. ನಾವು ಉಸಿರಾಡುವ ಗಾಳಿಯಲ್ಲಿ ಇದು ಇರುವುದು ಶೇ. 0.04 ಮಾತ್ರ. ಶೇ. 3-4 ಆದರೆ ತಲೆನೋವು, ಏದುಸಿರು. ಶೇ. 10ಕ್ಕೆ ನಿಂತ ಮನುಷ್ಯ ಕುಸಿದು ಬೀಳುತ್ತಾನೆ. ನಿಜವಾದ ಸ್ಟೇಜಿನಲ್ಲಿ ಗ್ಯಾಸು ಅಷ್ಟು ಅಚ್ಚುಕಟ್ಟಾಗಿ ಕೆಳಗೇ ಕೂರುವುದಿಲ್ಲ, ಸ್ವಲ್ಪ ಚದುರುತ್ತದೆ, ನಿಜ. ಆದರೂ ಮಕ್ಕಳ ಮೇಲೆ ಆ ಪರೀಕ್ಷೆ ಬೇಡ. ಕಂದೀಲಿನ ಮೇಲೂ ಇಲ್ಲಿ ಭರವಸೆ ಇಡಬೇಡಿ. ದೀಪ ಆರುವ ಮುಂಚೆಯೇ ಈ ಗ್ಯಾಸು ಮನುಷ್ಯನನ್ನು ಕೆಡವಬಲ್ಲದು.

2020ರ ಫೆಬ್ರುವರಿಯಲ್ಲಿ ಮಾಸ್ಕೋದ ಹುಟ್ಟುಹಬ್ಬದ ಪಾರ್ಟಿಯೊಂದರಲ್ಲಿ ಚೆಂದಕ್ಕೆ ಅಂತ ಈಜುಕೊಳಕ್ಕೆ 25-30 ಕೆಜಿ ಡ್ರೈ ಐಸ್ ಸುರಿದರು. ಮೂವರು ಸತ್ತರು.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ನಾಟಕಕ್ಕೆ ಬೇಕು ಅಂತ ಹೈದರಾಬಾದಿನಿಂದ ಕಲಬುರಗಿಗೆ ಕಾರಿನಲ್ಲಿ ಹತ್ತು ಕೆಜಿ ತರುತ್ತಿದ್ದೆವು. ಥರ್ಮಾಕೋಲ್ ಪೆಟ್ಟಿಗೆ ಹಿಂದಿನ ಸೀಟಿನ ಮೇಲೆ, ಅದರ ಪಕ್ಕದಲ್ಲಿ ನಾನು. ಮೇ ತಿಂಗಳ ಬಿಸಿಲು. ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಹಾಗೆ ಎಸಿ ಹಾಕಿದ್ದೆವು. ಜಹೀರಾಬಾದ್ ದಾಟುವಷ್ಟರಲ್ಲಿ ನನಗೆ ಆಕಳಿಕೆ ಮೇಲೆ ಆಕಳಿಕೆ. ಆಮೇಲೆ ಹಣೆ ಒತ್ತಿ ಹಿಡಿದ ಹಾಗೆ ನೋವು. ಡ್ರೈವ್ ಮಾಡುತ್ತಿದ್ದ ಗೆಳೆಯ ‘ನನಗೂ ಯಾಕೋ ಹೊಟ್ಟೆ ತೊಳಸ್ತಾ ಇದೆ’ ಅಂದ. ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆವು. ಹುಮನಾಬಾದಿನಲ್ಲಿ ಚಹಾಕ್ಕೆ ಇಳಿದು ಹತ್ತು ನಿಮಿಷ ಹೊರಗೆ ನಿಂತದ್ದೇ ತಡ, ತಲೆ ಹಗುರಾಯಿತು. ಆಗ ಬುದ್ಧಿ ಬಂತು. ಪೆಟ್ಟಿಗೆ ಡಿಕ್ಕಿಗೆ ಹೋಯಿತು, ನಾಲ್ಕೂ ಗಾಜು ಇಳಿದವು. ಒಳ್ಳೆಯ ಪೆಟ್ಟಿಗೆಯಲ್ಲಿಟ್ಟರೂ ದಿನಕ್ಕೆ ಎರಡರಿಂದ ಐದು ಕೆಜಿ ಹೀಗೆ ಹಾರಿ ಹೋಗುತ್ತದೆ ಅನ್ನುವುದು ನಮಗೆ ದುಡ್ಡಿನ ನಷ್ಟವಾಗಿ ಮಾತ್ರ ಕಂಡಿತ್ತು. ಹಾರಿದ್ದು ಎಲ್ಲಿಗೆ ಹೋಯಿತು ಅಂತ ಯೋಚಿಸಿರಲೇ ಇಲ್ಲ.

ಈಗ ನಿಮ್ಮ ಸ್ಟೇಜಿಗೆ ಬರೋಣ. ಗ್ಯಾದರಿಂಗ್ ಶಾಲೆಯ ಮೈದಾನದಲ್ಲೇ ನಡೆಯುತ್ತದೆ ಅಲ್ವಾ? ಅದು ಒಳ್ಳೆಯದೇ. ಆದರೆ ಗಾಳಿಗೆ ಹೊಗೆ ಚದುರುತ್ತದೆ ಅಂತ ಡೆಕೋರೇಶನ್‌ನವರು ಮೂರು ಕಡೆ ಬಟ್ಟೆಯನ್ನು ನೆಲದವರೆಗೆ ಬಿಗಿದು ಕಟ್ಟುತ್ತಾರೆ. ಅಲ್ಲಿಗೆ ಅದೂ ಒಂದು ಹಗೇವು ಆಯಿತು. ಎರಡೂ ಪಕ್ಕದ ಬಟ್ಟೆ ಕೆಳಗೆ ಮೊಣಕಾಲೆತ್ತರ ತೆರೆದಿರಲಿ. ಹಾಲ್‌ನಲ್ಲಿ ಮಾಡುವುದಾದರೆ ಮೇಲಿನ ಎಕ್ಸಾಸ್ಟ್ ಫ್ಯಾನ್ ನಂಬಬೇಡಿ, ಬಾಗಿಲು ತೆರೆಯಿರಿ. ಭಾರದ ಗ್ಯಾಸು ಹೊಸ್ತಿಲ ದಾರಿಯಲ್ಲೇ ಹೋಗಬೇಕು. ಸ್ಟೇಜಿನಿಂದ ಇಳಿದ ಗ್ಯಾಸು ಮುಂದೆ ನೆಲದ ಮೇಲೆ ಕೂತ ಮಕ್ಕಳ ಕಡೆಗೇ ಹರಿಯುತ್ತದೆ. ಮೊದಲ ಸಾಲನ್ನು ಹತ್ತಡಿ ಹಿಂದೆ ಕೂರಿಸಿ.

ಐದು ಕೆಜಿ ಒಟ್ಟಿಗೆ ಬೇಡ, ಎರಡು ಸಾಕು. ಅದೂ ಒಂದೇ ಸಲ, ಮಕ್ಕಳು ನಿಂತಿರುವಾಗ. ಮಲಗಿದ ನಕ್ಷತ್ರಗಳ ಬದಲು ನಿಂತಲ್ಲೇ ಕಣ್ಣು ಮುಚ್ಚಿದ ನಕ್ಷತ್ರಗಳು ಆಗಬಾರದಾ? ಕೈಯಿಂದ ಮುಖ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಬಿಡಿಸಲಿ. ನನಗೆ ಅದೇ ಚೆಂದ ಕಾಣುತ್ತದೆ.

ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಅರ್ಧ ಮಾತ್ರ ಇರಲಿ, ಕುದಿಯುವಷ್ಟು ಬೇಡ. ಡ್ರೈ ಐಸ್ ಬಿದ್ದ ಕೂಡಲೇ ನೀರು ಕೊತಕೊತ ಉಕ್ಕಿ ಸಿಡಿಯುತ್ತದೆ. ಸುತ್ತಲಿನ ಹಲಗೆ ಒದ್ದೆಯಾಗಿ ಜಾರುತ್ತದೆ. ಆದ್ದರಿಂದ ಪಾತ್ರೆ ಪರದೆ ಹಿಂದೆ, ಮಕ್ಕಳಿಂದ ಮತ್ತು ಲೈಟಿನ ವೈರುಗಳಿಂದ ದೂರ ಇರಲಿ. ಸ್ವಲ್ಪ ಹೊತ್ತಿಗೆ ನೀರು ತಣ್ಣಗಾಗಿ ಹೊಗೆ ಸಣ್ಣಗಾಗುತ್ತದೆ. ಬೇಕಾದರೆ ಬಿಸಿನೀರು ಸೇರಿಸಿ, ಡ್ರೈ ಐಸ್ ಅಲ್ಲ.

ಮುಟ್ಟುವವರು ಒಬ್ಬರೇ ದೊಡ್ಡವರಿರಲಿ. ಇಕ್ಕಳ ಅಥವಾ ದಪ್ಪ ಒಣ ಚರ್ಮದ ಗ್ಲೌಸ್ ಬೇಕು. ಬರಿಗೈಗೆ ತಗುಲಿದರೆ ಸುಟ್ಟ ಹಾಗೆಯೇ ಬೊಬ್ಬೆ ಏಳುತ್ತದೆ. ಹಾಗಾದರೆ ಉಜ್ಜಬೇಡಿ. ಉಗುರುಬೆಚ್ಚಗಿನ ನೀರಲ್ಲಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾರಿಗಾದರೂ ತಲೆಸುತ್ತು, ಏದುಸಿರು ಬಂದರೆ ಡ್ಯಾನ್ಸ್ ನಿಲ್ಲಿಸಿ ಎಲ್ಲರನ್ನೂ ಬಯಲಿಗೆ ಕರೆತನ್ನಿ. ‘ಇನ್ನೊಂದೇ ನಿಮಿಷ’ ಅನ್ನಬೇಡಿ.

ಬಾಯಿಗೆ ಹಾಕಿದರೆ ಇನ್ನೂ ಅನಾಹುತ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ಮೇಲೆ ಮೌತ್ ಫ್ರೆಶ್ನರ್ ಅಂತ ಡ್ರೈ ಐಸ್ ಕೊಟ್ಟಿದ್ದರು. ತಿಂದವರು ಬಾಯಿ ಸುಟ್ಟುಕೊಂಡು ರಕ್ತ ಕಾರಿಕೊಂಡರು. ದೊಡ್ಡವರೇ ಮೋಸಹೋದರು. ನಿಮ್ಮ ಮಕ್ಕಳಿಗಂತೂ ಅದು ಕಲ್ಲುಸಕ್ಕರೆ ಥರ ಕಾಣುತ್ತದೆ.

ಇನ್ನು ಉಳಿದದ್ದು. ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರೆ ಬಾಂಬಿನ ಹಾಗೆ ಒಡೆಯುತ್ತದೆ. ಥರ್ಮಾಸ್, ಹಾಲಿನ ಕ್ಯಾನು, ಫ್ರಿಜ್ಜು ಯಾವುದೂ ಬೇಡ. ಸಿಂಕಿಗೂ ಸುರಿಯಬೇಡಿ, ಆ ತಂಪಿಗೆ ಪೈಪು ಸೀಳುತ್ತದೆ. ಅಗಲವಾದ ಬುಟ್ಟಿಯಲ್ಲಿ ಹರಡಿ ಮೈದಾನದ ಒಂದು ಮೂಲೆಯಲ್ಲಿಡಿ. ಪಕ್ಕದಲ್ಲಿ ಒಬ್ಬರು ಕುರ್ಚಿ ಹಾಕಿಕೊಂಡು ಕೂರಲಿ. ‘ಸರ್, ನನಗೊಂದು ತುಣುಕು’ ಅಂತ ಮಕ್ಕಳು ಸಾಲುಗಟ್ಟಿ ಬಂದೇ ಬರುತ್ತಾರೆ. ಬೆಳಗ್ಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಏನೂ ಇರುವುದಿಲ್ಲ. ತೊಳೆಯುವ ಕೆಲಸವೂ ಇಲ್ಲ.